ಬರಾಧ್ಯಕ್ಷರ ಬಾಯಾರಿಕೆ

“ಪ್ರಭು, ನಾನಿರುವ ತನಕ ಬರಗಾಲ ನಮ್ಮ ಗಡಿ ದಾಟಲಾರದು. ಬಂದರೂ ನನ್ನ ಅಪ್ಪಣೆ ಕೇಳಿಕೊಂಡೇ ಬರಬೇಕು!”

ಕೆಂಗಲ್ಲು ಸೀಮೆಯ ಅರಸ ಚಂದುಗಿದೇವನ ತುಂಬಿದ ಸಭೆಯಲ್ಲಿ ಹೀಗೆಂದು ಮೀಸೆ ತಿರುವಿದವನು ಕೇತರಸ. ಬರದಿಂದ ಪ್ರಜೆಗಳನ್ನು ಕಾಯಲೆಂದೇ ಅರಸ ಒಂದು ಇಲಾಖೆ ಮಾಡಿ, ಇವನನ್ನು ಅದರ ಬರಾಧ್ಯಕ್ಷನನ್ನಾಗಿ ಕೂರಿಸಿದ್ದ. ಕೂತವನು ಮೊದಲು ಮಾಡಿದ ಕೆಲಸ ಇಲಾಖೆಗೊಂದು ಚಾವಡಿ ಕಟ್ಟಿಸಿದ್ದು. ಕಿಟಕಿಗಳಿಗೆಲ್ಲ ಲಾಮಂಚದ ತಟ್ಟಿ, ಅಂಗಳದಲ್ಲಿ ಕಾರಂಜಿ. ಬಿಸಿಲು ಎಂದರೇನೆಂದು ಅಲ್ಲಿದ್ದವರಿಗೆ ಮರೆತೇ ಹೋಗಿತ್ತು. ಕೆರೆಯ ಹೂಳು ತೆಗೆಸುವುದು, ಹಳ್ಳಿಗಳ ಕಣಜಕ್ಕೆ ರಾಗಿ ತುಂಬಿಸುವುದು ಮುಂತಾದ ಸಣ್ಣಪುಟ್ಟ ಕೆಲಸಗಳು ಮಾತ್ರ ಇನ್ನೂ ‘ಪರಿಶೀಲನೆಯಲ್ಲಿ’ ಇದ್ದವು.

ಸಭೆಯ ವಿದೂಷಕ ಬೊಪ್ಪಯ್ಯ ಕಿಸಕ್ಕನೆ ನಕ್ಕ. ನಗು ಬಾಯಲ್ಲಿ, ಉರಿ ಹೊಟ್ಟೆಯಲ್ಲಿ. ಅವನ ಅಕ್ಕ ಚಾಮಲೆ ಮೂಡಣ ಹಳ್ಳಿಯಿಂದ ಹಿಂದಿನ ದಿನವಷ್ಟೇ ನಡೆದು ಬಂದಿದ್ದಳು. ಊರಿನ ಕೆರೆ ಬತ್ತಿ ಬಿರುಕುಬಿಟ್ಟಿತ್ತು. ಅವಳೊಂದಿಗೆ ಬಂದದ್ದು ಎಲುಬಿನ ಗೂಡಾದ ಒಂದು ಹಸು ಮಾತ್ರ.

“ಯಾಕಯ್ಯ ನಗುತ್ತೀ?” ಅರಸ ಗದರಿದ.

“ಪ್ರಭು, ಬರ ಬಂದಾಗಿದೆ. ಪಾಪ, ಬರಾಧ್ಯಕ್ಷರ ಚಾವಡಿ ಎಲ್ಲಿದೆ ಅಂತ ಗೊತ್ತಾಗದೆ ಅಪ್ಪಣೆ ಕೇಳಿಲ್ಲ ಅಷ್ಟೆ.”

“ಸುಳ್ಳು!” ಕೇತರಸ ಎದ್ದು ನಿಂತ. “ಮೂಡಣದಲ್ಲಿ ಮಳೆ ಕೊಂಚ ತಡವಾಗಿದೆ. ನಾನು ಇನ್ನೂ ಬರ ಎಂದು ಸಾರಿಲ್ಲ. ಸಾರದೆ ಇದ್ದಮೇಲೆ ಅದು ಬರ ಹೇಗಾದೀತು?”

ಅರಸನಿಗೆ ಕೇತರಸನ ಮಾತು ಸಿಹಿಯಾಗಿ ಕೇಳಿಸಿತು. ಬರವಿಲ್ಲ ಎಂದರೆ ಯಾವ ಅರಸನಿಗೆ ಬೇಡ? “ಬೊಪ್ಪಯ್ಯ, ನಿನ್ನ ನಾಲಿಗೆ ಉದ್ದವಾಯಿತು. ನಾಳೆ ಸಂಜೆಯೊಳಗೆ ನನಗೆ ಬರ ತೋರಿಸು. ನಾನು ರಾಜಧಾನಿ ಬಿಟ್ಟು ಕದಲುವವನಲ್ಲ. ತೋರಿಸದಿದ್ದರೆ ನಿನಗೆ ಗಡಿಪಾರು!”

ಬೊಪ್ಪಯ್ಯ ತಲೆ ಕೆರೆದುಕೊಂಡ. “ಆಗಲಿ ಪ್ರಭು. ಹಾಗಾದರೆ ನಾಳೆ ಮಧ್ಯಾಹ್ನ ತಾವೂ ಬರಾಧ್ಯಕ್ಷರೂ ನಮ್ಮ ಮನೆಗೆ ಊಟಕ್ಕೆ ದಯಮಾಡಿಸಬೇಕು.”

ಮರುದಿನ ಬಿಸಿಲು ನೆತ್ತಿಗೇರುವ ಹೊತ್ತಿಗೆ ಇಬ್ಬರೂ ಬಂದರು. ಚಾಮಲೆ ಬಿಸಿ ರಾಗಿಮುದ್ದೆ ಹಾಕಿ, ಹುರುಳಿ ಸಾರು ಬಿಟ್ಟು, ಪಕ್ಕದಲ್ಲಿ ಒಣಮೆಣಸಿನಕಾಯಿ ಚಟ್ನಿ ಬಡಿಸಿದಳು. ಘಮಕ್ಕೆ ಸೋತ ಕೇತರಸ ದೊಡ್ಡ ತುತ್ತನ್ನೇ ನುಂಗಿದ. ಮರುಕ್ಷಣ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಎಲೆಯ ಪಕ್ಕದಲ್ಲಿ ಮಾತ್ರ ನೀರಿಲ್ಲ.

“ಹಾ... ಹಾ... ನೀರು! ನೀರು ಕೊಡಿ!”

ಬೊಪ್ಪಯ್ಯ ಕೈಕಟ್ಟಿ ನಿಂತ. “ಬಾಯಾರಿಕೆಯೇ ಸ್ವಾಮಿ? ತಾವು ಹೇಳಿದರೆ ಸಾಕೆ? ಅಕ್ಕ, ಬರಾಧ್ಯಕ್ಷರ ಕಡೆಯವರು ನಿಮ್ಮೂರಿಗೆ ಬಂದಾಗ ಏನು ಮಾಡಿದ್ದರು?”

“ಕೆರೆ ದಂಡೆಯಲ್ಲಿ ಛತ್ರಿ ಹಿಡಿಸಿಕೊಂಡು ನಿಂತಿದ್ದರಪ್ಪ,” ಎಂದಳು ಚಾಮಲೆ. “ಹೋದ ವರ್ಷ ಚೆನ್ನಾಗಿ ಮಳೆಯಾಗಿತ್ತಲ್ಲ, ಎರಡು ವರ್ಷ ಸೇರಿಸಿ ನೋಡಿದರೆ ಕೊರತೆಯೇ ಇಲ್ಲ ಅಂದರು.”

“ಕೇಳಿದಿರಾ ಸ್ವಾಮಿ? ನಿನ್ನೆ ಚಾವಡಿಯಲ್ಲಿ ತಾವು ತಂಬಿಗೆಗಟ್ಟಲೆ ಪಾನಕ ಕುಡಿದಿದ್ದೀರಿ. ನಿನ್ನೆಯದನ್ನೂ ಇವತ್ತಿನದನ್ನೂ ಸೇರಿಸಿ ನೋಡಿದರೆ ತಮಗೆ ಬಾಯಾರಿಕೆಯೇ ಇಲ್ಲ!”

“ಗಂಟಲು ಸುಡುತ್ತಿದೆ ಮಾರಾಯ!”

“ಸುಟ್ಟಿರಬಹುದು. ಆದರೆ ಇನ್ನೂ ಸಾರಿಲ್ಲವಲ್ಲ! ಮೊದಲು ನಾಲಿಗೆ ನೋಡಲು ಒಬ್ಬರು ಬರಬೇಕು. ಅವರು ನೋಡಿದ್ದು ಸರಿಯೇ ಅಂತ ನೋಡಲು ಇನ್ನೊಬ್ಬರು ಬರಬೇಕು. ಆಮೇಲೆ ಎಲ್ಲರೂ ಕೂತು ಮಾತಾಡಬೇಕು.”

ಅರಸನ ಗಂಟಲೂ ಉರಿಯುತ್ತಿತ್ತು. “ಬೊಪ್ಪಯ್ಯ, ಅವನ ವಿಷಯ ಇರಲಿ, ನನಗೆ ನೀರು ಕೊಡು.”

“ಕ್ಷಮಿಸಬೇಕು ಪ್ರಭು. ಬಾವಿಗೆ ಹೋಗಲು ನಾನು ಸಿದ್ಧ. ಆದರೆ ಹಗ್ಗವಿಲ್ಲ. ಗಂಟಲು ಒಣಗುವ ಮೊದಲೇ ಹಗ್ಗ ಹೊಸೆದಿಡುವ ಪದ್ಧತಿ ಇಲಾಖೆಯಲ್ಲಿಲ್ಲ. ಈಗ ನಾರು ನೆನೆಹಾಕಬೇಕು. ನೆನೆಹಾಕಲೂ ನೀರು ಬೇಕು.”

ಕೇತರಸ ಎಲೆ ಬಿಟ್ಟು ಎದ್ದ. ನಾಲಿಗೆ ಹೊರಚಾಚಿತ್ತು, ಮೀಸೆ ಜೋತುಬಿದ್ದಿತ್ತು. “ಅಯ್ಯೋ, ನಿಮ್ಮ ಪರಿಶೀಲನೆ ಮುಗಿಯುವಷ್ಟರಲ್ಲಿ ನಾನು ಸತ್ತೇ ಹೋಗುತ್ತೇನೆ!”

“ಛೆ, ಅದಕ್ಕೆಲ್ಲ ಹೆದರುತ್ತಾರೆಯೇ?” ಬೊಪ್ಪಯ್ಯ ಅವನ ಬೆನ್ನು ಸವರಿದ. “ಸತ್ತ ಮೇಲೆ ಇಲಾಖೆ ನೀರು ಕೊಟ್ಟೇ ಕೊಡುತ್ತದೆ ಸ್ವಾಮಿ. ಜೊತೆಗೆ ಎಳ್ಳನ್ನೂ ಹಾಕಿ!”

ಅರಸ ಉರಿಯುವ ಗಂಟಲಲ್ಲೇ ಹೋ ಎಂದು ನಕ್ಕ. ಬೊಪ್ಪಯ್ಯ ನಗಲಿಲ್ಲ.

“ಎಳ್ಳು ಮಾತ್ರ ತಾವೇ ತರಿಸಬೇಕು ಪ್ರಭು. ಮೂಡಣದಲ್ಲಿ ಈ ಸಲ ಸತ್ತವರಿಗೆ ಬಿಡುವಷ್ಟು ಎಳ್ಳೂ ಬೆಳೆದಿಲ್ಲ.”

ಅರಸನ ನಗು ಅಲ್ಲೇ ನಿಂತಿತು. ಅವನು ಬಾಗಿಲಲ್ಲಿ ನಿಂತಿದ್ದ ಚಾಮಲೆಯನ್ನು ನೋಡಿದ, ಅವಳ ಹಿಂದೆ ಕೊಟ್ಟಿಗೆಯಲ್ಲಿ ಕಾಲು ಮಡಚಿ ಬಿದ್ದಿದ್ದ ಹಸುವನ್ನು ನೋಡಿದ. ಚಾಮಲೆ ಒಳಗಿನಿಂದ ಎರಡು ಚೊಂಬು ತಣ್ಣನೆ ಮಜ್ಜಿಗೆ ತಂದಿಟ್ಟಳು. “ಕುಡೀರಪ್ಪ, ಮನೆಗೆ ಬಂದವರನ್ನು ಬಾಯಾರಿಸಿ ನಮಗೆ ರೂಢಿಯಿಲ್ಲ,” ಎಂದಳು. ಕೇತರಸ ತಲೆ ತಗ್ಗಿಸಿಕೊಂಡೇ ಗಟಗಟ ಕುಡಿದ.

ಅಂದೇ ಅರಮನೆಯ ಕಣಜದ ಬಾಗಿಲು ತೆರೆಯಿತು. ರಾಗಿ, ಮೇವು ಹೊತ್ತ ಬಂಡಿಗಳು ಮೂಡಣಕ್ಕೆ ಹೊರಟವು. ಮುಂದಿನ ಮಳೆಗೆ ಮುಂಚೆ ಕೆರೆಗಳ ಹೂಳೆಲ್ಲ ಮೇಲೆ ಬರಬೇಕೆಂದು ಆಜ್ಞೆಯಾಯಿತು. ಹೂಳಿನ ಮೊದಲ ಬುಟ್ಟಿ ಕೇತರಸನ ತಲೆಯ ಮೇಲೆ ಏರಿತು.

ಅರಸ ಬೊಪ್ಪಯ್ಯನನ್ನು ಕರೆಸಿದ. “ಗೆದ್ದೆ ಕಣಯ್ಯ. ಇವತ್ತಿನಿಂದ ನೀನೇ ಬರಾಧ್ಯಕ್ಷ!”

ಬೊಪ್ಪಯ್ಯ ಎರಡೂ ಕೈ ಜೋಡಿಸಿದ. “ಬೇಡ ಪ್ರಭು. ಬೇಕಾದರೆ ಕೆರೆಗೊಬ್ಬ ಅಧ್ಯಕ್ಷನನ್ನು ಇಡಿ. ಬರಕ್ಕೇ ಅಧ್ಯಕ್ಷನಾದರೆ, ಬರ ಹೋದ ದಿನ ನನ್ನ ಕೆಲಸವೂ ಹೋಗುತ್ತದೆ. ಅನ್ನ ಹಾಕುವ ಒಡೆಯನನ್ನು ಯಾರಾದರೂ ಊರು ಬಿಡಿಸಿ ಓಡಿಸುತ್ತಾರೆಯೇ?”