ಗಂಜಿ ಸುರಿದ ಮೂಲೆ

“ಗುರುಗಳೇ, ದಿನವೂ ಕೊಂದ ಸಿಟ್ಟು ದಿನವೂ ಹೇಗೆ ಹುಟ್ಟಿಬರುತ್ತದೆ?” ಎಂದು ಶಂಭುಲಿಂಗ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಶಿಷ್ಯನ ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು. ಅದನ್ನು ನೋಡಿದರು. ಅದರ ವಿಷಯ ಎತ್ತಲಿಲ್ಲ.

“ಬೆಳಿಗ್ಗೆ ಜೊತೆಯವನ ಮೇಲೆ ತಂಬಿಗೆ ಎಸೆದೆ. ಹುಬ್ಬಿಗೆ ತಾಗಿ ಹೋಯಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಅವನ ಕಣ್ಣು ಉಳಿಯುತ್ತಿರಲಿಲ್ಲ. ಅವನು ಅಂದದ್ದಾದರೂ ಏನು? ಸಾರಿಗೆ ಉಪ್ಪು ಸಾಲದು ಅಂದ, ಅಷ್ಟೇ. ನಾನು ಇಲ್ಲಿರಲು ತಕ್ಕವನಲ್ಲ. ಅಪ್ಪಣೆ ಕೊಟ್ಟರೆ ಊರಿಗೆ ಹೊರಡುತ್ತೇನೆ.”

“ಸಿಟ್ಟನ್ನು ಕೊಲ್ಲಲು ಏನು ಮಾಡುತ್ತೀ?”

“ಪ್ರತಿ ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತೇನೆ. ಅಂದು ಯಾರು ಏನಂದರು, ಯಾವ ದನಿಯಲ್ಲಿ ಅಂದರು, ಒಂದೂ ಬಿಡದೆ ನೆನೆಸಿಕೊಳ್ಳುತ್ತೇನೆ. ಆಮೇಲೆ ಒಬ್ಬೊಬ್ಬರನ್ನಾಗಿ ಕ್ಷಮಿಸುತ್ತೇನೆ. ಮೂರು ವರ್ಷದಿಂದ ಒಂದು ಸಂಜೆಯೂ ತಪ್ಪಿಸಿಲ್ಲ.”

ಗುರುಗಳು ಮೊರವನ್ನು ಅವನತ್ತ ಸರಿಸಿದರು. “ಗಂಟು ಕೆಳಗಿಡು. ಸುಲಿಯುತ್ತ ಕೇಳು” ಎಂದು ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನದು ಗುಂಡಿಮಗ್ಗ. ನೆಲದಲ್ಲಿ ಒಂದು ಗುಂಡಿ, ಅದರ ಅಂಚಿನಲ್ಲಿ ಅವನು, ಗುಂಡಿಯೊಳಗೆ ಅವನ ಕಾಲು. ಹಾಗೆ ಕುಳಿತೇ ಇಡೀ ದಿನ ನೇಯಬೇಕು. ಅಂಥವನ ಮನೆಯಲ್ಲಿ ಚೇಳು ಸೇರಿಕೊಂಡವು.

ಮೊದಲು ಒಂದು ಕಂಡಿತು. ಚಪ್ಪಲಿಯಿಂದ ಹೊಡೆದು ಕೊಂದ. ನಾಲ್ಕು ದಿನದ ಮೇಲೆ ಇನ್ನೊಂದು ಕಂಡಿತು. ಅದನ್ನೂ ಕೊಂದ. ಆಮೇಲೆ ನೂಲಿನ ಬುಟ್ಟಿಯಲ್ಲಿ ಒಂದು, ನೀರಿನ ಮಡಕೆಯ ಅಡಿಯಲ್ಲಿ ಒಂದು, ಮಡಚಿಟ್ಟ ಸೀರೆಯ ನಡುವೆ ಒಂದು. ಒಂದು ದಿನ ಗುಂಡಿಯೊಳಗೇ ಒಂದು ಬಿದ್ದಿತ್ತು. ಅಂದಿನಿಂದ ಅವನು ಕೋಲಿನಿಂದ ಗುಂಡಿಯನ್ನು ತಡಕದೆ ಕಾಲು ಇಳಿಸುತ್ತಿರಲಿಲ್ಲ.

ಹೆಂಡತಿ ಏಳು ತಿಂಗಳ ಬಸುರಿಯಾಗಿದ್ದಾಗ ಚೇಳು ಅವಳ ಕಾಲಿನ ಹೆಬ್ಬೆರಳಿಗೆ ಕುಟುಕಿತು. ಗಾಡಿ ಕಟ್ಟಿ ವೈದ್ಯರ ಬಳಿಗೆ ಒಯ್ದರು. ಎರಡು ದಿನ ಅವಳು ಬೆವರಿದಳು, ನಡುಗಿದಳು, ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಬದುಕಿಕೊಂಡಳು. ಮೂರನೆಯ ದಿನ ಅವಳ ತಾಯಿ ಬಂದು ಮಗಳನ್ನು ತವರಿಗೆ ಕರೆದುಕೊಂಡು ಹೋದಳು. ಅಲ್ಲಿ ಹೆಣ್ಣು ಮಗು ಹುಟ್ಟಿತು.

ನಾಮಕರಣಕ್ಕೆ ಹೋದಾಗ ನೇಕಾರ ಮಗಳನ್ನು ಒಮ್ಮೆ ಎತ್ತಿಕೊಂಡ. ಐದನೇ ತಿಂಗಳಲ್ಲಿ ತಾಯಿ ಮಗು ಗಂಡನ ಮನೆಗೆ ಬರುವುದು ಪದ್ಧತಿ. ಅತ್ತೆ ಅಲ್ಲೇ ಅವನಿಗೆ ಹೇಳಿದಳು: “ಅಳಿಯಂದಿರೇ, ಐದನೇ ತಿಂಗಳಿಗೆ ಮಗು ಬೋರಲು ಬೀಳುತ್ತದೆ. ಆಮೇಲೆ ತೆವಳುತ್ತದೆ. ಆ ನೆಲದ ಮೇಲೆ ನನ್ನ ಮೊಮ್ಮಗಳನ್ನು ಬಿಡುವವಳು ನಾನಲ್ಲ. ಮನೆ ನೆಟ್ಟಗಾದರೆ ಕಳಿಸುತ್ತೇನೆ. ಇಲ್ಲವಾದರೆ ಇಲ್ಲೇ ಇರಲಿ, ನೀವು ಹಬ್ಬಕ್ಕೆ ಬಂದು ನೋಡಿಕೊಂಡು ಹೋಗಿ.”

ನೇಕಾರ ಮನೆಗೆ ಬಂದವನೇ ಯುದ್ಧಕ್ಕೆ ನಿಂತ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಚಪ್ಪಲಿ. ಬೇವಿನ ಸೊಪ್ಪಿನ ಹೊಗೆ ಹಾಕಿದ. ಕೆಮ್ಮಿದವನು ಅವನೇ. ಗೋಡೆಯ ಬಿರುಕಿಗೆ ಸೀಮೆಎಣ್ಣೆ ಸುರಿದ. ಆ ಬಿರುಕು ಬಿಟ್ಟು ಪಕ್ಕದ ಬಿರುಕಿನಿಂದ ಬಂದವು. ಮಂತ್ರ ಹಾಕುವವನೊಬ್ಬ ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು ಇಟ್ಟು, ಮಗ್ಗದಿಂದ ಆಗ ತಾನೇ ಇಳಿದ ಸೀರೆಯೊಂದನ್ನು ಒಯ್ದ. ಮರುದಿನ ಒಂದು ನಿಂಬೆಹಣ್ಣಿನ ಪಕ್ಕದಲ್ಲೇ ಚೇಳು ಕುಳಿತಿತ್ತು.

ಕೊಂದ ಪ್ರತಿ ಚೇಳಿಗೆ ಅವನು ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದ. ಗೀಟು ಹೆಚ್ಚಿದಂತೆ ಅವನಿಗೆ ಸಮಾಧಾನವಾಗುತ್ತಿತ್ತು. ಇಷ್ಟು ಕಡಿಮೆಯಾದವು ಎಂದುಕೊಳ್ಳುತ್ತಿದ್ದ.

ಮಗುವಿಗೆ ಮೂರೂವರೆ ತಿಂಗಳಾದಾಗ ಅತ್ತೆ ಮನೆ ನೋಡಲು ಬಂದಳು. ನೇಕಾರ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿದ.

“ನೋಡಿ ಅತ್ತೆ, ಅರವತ್ತೊಂದು.”

ಅತ್ತೆ ಗೀಟುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. “ಒಳ್ಳೆಯ ಕೈ ನಿಮ್ಮದು. ಅರವತ್ತೆರಡನೆಯದು ಯಾವಾಗ?”

“ಇವತ್ತೋ ನಾಳೆಯೋ ಬರುತ್ತದೆ.”

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ತಲೆ ತಗ್ಗಿಸಿದ.

ಅತ್ತೆ ಅಂದು ಅಲ್ಲೇ ಉಳಿದಳು. ಮನೆಯ ಕೆಲಸಕ್ಕೆ ಕೈ ಹಾಕಲಿಲ್ಲ. ಗೋಡೆಗೆ ಒರಗಿ ಕುಳಿತು ಅಳಿಯ ಏನೇನು ಮಾಡುತ್ತಾನೆ ಎಂದು ನೋಡುತ್ತಿದ್ದಳು. ಅವನು ಮಗ್ಗದ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಗಂಜಿ ಹಚ್ಚಿದ. ನೂಲು ಗಟ್ಟಿಯಾಗಿ ನಿಲ್ಲಲು ನೇಕಾರರು ಅಕ್ಕಿಗಂಜಿ ಹಚ್ಚುತ್ತಾರೆ. ಸಂಜೆಯಾದಾಗ ಮಡಕೆಯಲ್ಲಿ ಮಿಕ್ಕ ಗಂಜಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಮಗ್ಗದ ಹಿಂದಿನ ಮೂಲೆಗೆ ಹೋದ. ಅಲ್ಲಿ ನೆಲದಲ್ಲಿ ಒಂದು ಸಣ್ಣ ಕುಳಿ ಇತ್ತು. ಗಂಜಿಯನ್ನು ಅದಕ್ಕೆ ಸುರಿದು, ಬೆರಳನ್ನು ಹಣೆಗೆ ಮುಟ್ಟಿಸಿಕೊಂಡ.

“ಏನದು?” ಎಂದಳು ಅತ್ತೆ.

“ಗಂಜಿ ಎಂದರೆ ಅನ್ನವಲ್ಲವೇ ಅತ್ತೆ? ಬೀದಿಗೆ ಚೆಲ್ಲಿದರೆ ನಾಲ್ಕು ಜನ ತುಳಿಯುತ್ತಾರೆ. ನಮ್ಮ ತಂದೆ ಇಲ್ಲೇ ಸುರಿಯುತ್ತಿದ್ದರು. ನಾನು ಒಂದು ದಿನವೂ ತಪ್ಪಿಸಿಲ್ಲ.”

ಶಂಭುಲಿಂಗನ ಕೈ ಅವರೆಕಾಯಿಯ ಮೇಲೆ ತುಸು ನಿಂತಿತು. ಗುರುಗಳು ಗಮನಿಸದವರಂತೆ ಮುಂದುವರಿಸಿದರು.

ದೀಪ ಹಚ್ಚುವ ಹೊತ್ತಾಯಿತು. ಅತ್ತೆ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. “ಇಕ್ಕಳ ಹಿಡಿದುಕೊಳ್ಳಿ, ಆದರೆ ಏಳಬೇಡಿ. ಸುಮ್ಮನೆ ನೋಡಿ” ಎಂದಳು.

ಮೂಲೆಯಲ್ಲಿ ಮೊದಲು ಒಂದು ಜಿರಲೆ ಮೀಸೆ ಆಡಿಸಿತು. ಅದರ ಹಿಂದೆ ಎರಡು. ನೋಡುತ್ತ ನೋಡುತ್ತ ಕುಳಿಯ ಸುತ್ತ ನೆಲ ಕಾಣಿಸದಷ್ಟು ಜಿರಲೆ ಸೇರಿ ಗಂಜಿ ನೆಕ್ಕತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಬಿರುಕಿನಿಂದ ಚೇಳು ಇಳಿದು ಬಂತು. ಅದಕ್ಕೆ ಅವಸರವಿರಲಿಲ್ಲ. ಒಂದು ಜಿರಲೆಯನ್ನು ಹಿಡಿದು, ಕೊಂಡಿಯಿಂದ ಕುಟುಕಿ, ಅಲ್ಲೇ ತಿನ್ನಲು ಕುಳಿತಿತು. ಆ ಕಡೆಯಿಂದ ಇನ್ನೊಂದು ಚೇಳು ಬಂತು.

“ಅಳಿಯಂದಿರೇ, ಈ ಮನೆಯಲ್ಲಿ ಊಟಕ್ಕೆ ಎಷ್ಟು ಜನ?”

“ನಾನೊಬ್ಬನೇ ಅತ್ತೆ.”

“ಹಾಗಾದರೆ ಈ ಪಂಕ್ತಿಯಲ್ಲಿ ಕುಳಿತವರು ಯಾರು?”

ನೇಕಾರನ ಕೈಯಲ್ಲಿದ್ದ ಇಕ್ಕಳ ಅಲುಗಲಿಲ್ಲ. ಅರವತ್ತೊಂದು ಗೀಟು ಎಳೆದ ಕೈಯೇ ಪ್ರತಿ ಸಂಜೆ ಬಡಿಸುತ್ತಿತ್ತು. ಅವನಿಗೆ ಅದು ಕಂಡಿತು. ಆದರೂ ಒಪ್ಪಲು ಮನಸ್ಸು ಬರಲಿಲ್ಲ.

“ನಮ್ಮ ತಂದೆಯೂ ಇಲ್ಲೇ ಸುರಿಯುತ್ತಿದ್ದರು. ಅವರ ಕಾಲದಲ್ಲಿ ಒಂದು ಚೇಳೂ ಇರಲಿಲ್ಲವಲ್ಲ?”

ಅತ್ತೆ ಮೂಲೆಯ ಗೋಡೆಯನ್ನು ತೋರಿಸಿದಳು. ಉಳಿದ ಗೋಡೆಗಳಿಗಿಂತ ಅದರ ಮಣ್ಣು ಹೊಸದು. “ಅವರ ಕಾಲದಲ್ಲಿ ಈ ಗೋಡೆ ಇತ್ತೇ?”

ಇರಲಿಲ್ಲ. ಮದುವೆಯಾದ ವರ್ಷ, ಹೆಂಡತಿಗೆ ಮರೆಯಾಗಲಿ ಎಂದು ಅವನೇ ಕಟ್ಟಿಸಿದ್ದು. ಅದಕ್ಕೆ ಮೊದಲು ಆ ಜಾಗ ಹಿತ್ತಲಾಗಿತ್ತು ಎಂದು ಅವನು ಅತ್ತೆಗೆ ಹೇಳಿದ. ತಂದೆ ಗಂಜಿ ಸುರಿಯುವ ಹೊತ್ತಿಗೆ ಕೋಳಿಗಳು ಓಡಿ ಬರುತ್ತಿದ್ದವು. ಗಂಜಿಯನ್ನೂ ತಿನ್ನುತ್ತಿದ್ದವು, ಗಂಜಿಗೆ ಬಂದ ಹುಳವನ್ನೂ ತಿನ್ನುತ್ತಿದ್ದವು. ಗೋಡೆ ಎದ್ದ ಮೇಲೆ ಕೋಳಿ ಹೊರಗೆ ಉಳಿದವು. ಗಂಜಿ ಒಳಗೆ ಉಳಿಯಿತು.

“ನಿಮ್ಮ ತಂದೆ ಅನ್ನವನ್ನು ಒಂದು ಬಾಯಿಗೆ ಹಾಕುತ್ತಿದ್ದರು” ಎಂದಳು ಅತ್ತೆ. “ನೀವು ಒಂದು ಮೂಲೆಗೆ ಹಾಕುತ್ತಿದ್ದೀರಿ.”

ಮರುದಿನ ಹೊರಡುವಾಗ ಅವಳು ಒಂದು ಕೆಲಸ ಹೇಳಿದಳು. “ಪ್ರತಿ ಸಂಜೆ ಆ ಮೂಲೆಯಲ್ಲಿ ಒಂದು ಒದ್ದೆ ಗೋಣಿ ಹಾಸಿ. ತಂಪು ಹುಡುಕಿಕೊಂಡು ಚೇಳು ಅದರ ಕೆಳಗೆ ಸೇರುತ್ತದೆ. ಬೆಳಿಗ್ಗೆ ಇಕ್ಕಳದಿಂದ ಎತ್ತಿ ನೋಡಿ. ಹದಿನೈದು ದಿನ ಒಂದೇ ಸಮನೆ ಗೋಣಿಯ ಕೆಳಗೆ ಚೇಳು ಕಾಣದಿದ್ದರೆ ಹೇಳಿಕಳಿಸಿ.”

ಅಂದಿನಿಂದ ಮಿಕ್ಕ ಗಂಜಿ ಪಕ್ಕದ ಮನೆಯ ಎಮ್ಮೆಗೆ ಹೋಯಿತು. ನೇಕಾರ ಮೂಲೆಯನ್ನು ಕೆರೆದು, ಕುಳಿಗೆ ಕಲ್ಲು ತುಂಬಿ ಗಾರೆ ಹಾಕಿದ. ಗೋಡೆಗೆ ಒರಗಿಸಿದ್ದ ಹಳೆಯ ಹಲಗೆ, ಒಡೆದ ಮಡಕೆ, ಹರಿದ ಚಾಪೆ ಎಲ್ಲವನ್ನೂ ಹೊರಗೆ ಸಾಗಿಸಿದ. ಬಿರುಕುಗಳಿಗೆ ಮಣ್ಣು ಮೆತ್ತಿದ. ಹೊಸ ಗೋಡೆಯಲ್ಲಿ ಒಂದು ಕಿಟಕಿ ತೆಗೆಸಿದ.

ಮೊದಲ ವಾರ ಚೇಳು ಹೆಚ್ಚಾದವು. ಹಿಂದೆ ವಾರಕ್ಕೆ ನಾಲ್ಕೈದು ಕಾಣುತ್ತಿದ್ದವು. ಈಗ ದಿನಕ್ಕೆ ಎರಡು. ಗೋಣಿಯ ಕೆಳಗೂ ಇದ್ದವು, ನಡುಮನೆಯಲ್ಲಿ ಹಾಡಹಗಲೇ ಓಡಾಡಿದವು. ನೇಕಾರ ಹೆದರಿದ. ಮಿಕ್ಕ ಗಂಜಿಯ ಮಡಕೆ ಹಿಡಿದು ಮೂಲೆಯ ಮುಂದೆ ಒಂದು ಗಳಿಗೆ ನಿಂತೂಬಿಟ್ಟ. ಸುರಿದರೆ ಇವು ಮೂಲೆಗೆ ಮರಳುತ್ತವೆ. ಕಾಲಿಗೆ ಸಿಗುವುದಿಲ್ಲ. ಆದರೆ ಮೂಲೆಯಲ್ಲಿ ಇರುತ್ತವೆ. ಹಸಿದಿದ್ದರಿಂದಲೇ ಹೊರಗೆ ಬಂದಿವೆ ಎಂದು ಅವನಿಗೆ ಹೊಳೆಯಿತು. ಮಡಕೆ ಎತ್ತಿಕೊಂಡು ಎಮ್ಮೆಯ ಕಡೆಗೆ ನಡೆದ.

ಎರಡನೆಯ ವಾರ ಮೂರು ಕಂಡವು. ಮೂರನೆಯ ವಾರ ಒಂದು. ಆಮೇಲೆ ಗೋಣಿಯ ಕೆಳಗೆ ಬರಿಯ ನೆಲ. ಅವನು ದಿನ ಎಣಿಸತೊಡಗಿದ. ಹತ್ತಾಯಿತು. ಹನ್ನೆರಡಾಯಿತು. ಹದಿನಾಲ್ಕನೆಯ ಬೆಳಿಗ್ಗೆ ಗೋಣಿಯ ನಡುವೆ ಒಂದು ಉಬ್ಬು ಕಂಡಿತು. ಉಬ್ಬು ಅಲುಗಿತು.

ಚೇಳಾದರೆ ಮತ್ತೆ ಒಂದರಿಂದ ಎಣಿಸಬೇಕು. ಅಷ್ಟರಲ್ಲಿ ಐದನೇ ತಿಂಗಳು ಕಳೆದುಹೋಗುತ್ತದೆ. ಇಕ್ಕಳದಿಂದ ಗೋಣಿಯ ತುದಿ ಹಿಡಿದು ಎತ್ತಿದ. ಒಂದು ಕಪ್ಪೆ ಕುಳಿತಿತ್ತು. ಅವನನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಅಲ್ಲಿಂದ ಏಳುವ ಮನಸ್ಸು ಅದಕ್ಕಿರಲಿಲ್ಲ. ನೇಕಾರ ನೆಲದ ಮೇಲೆ ಕುಸಿದು ಕುಳಿತು ನಕ್ಕ. ನಗು ಕೇಳಿ ಎಮ್ಮೆಯ ಮನೆಯವಳು ಬೇಲಿಯಾಚೆಯಿಂದ, “ಏನಾಯಿತಣ್ಣ, ಲಾಟರಿ ಹೊಡೆಯಿತೇ?” ಎಂದು ಕೂಗಿದಳು.

ಐದನೇ ತಿಂಗಳಲ್ಲಿ ಗಾಡಿ ಬಂತು. ಮೊದಲು ಅತ್ತೆ ಇಳಿದಳು, ಮಗು ಅವಳ ತೋಳಿನಲ್ಲಿತ್ತು. ಹಿಂದೆ ಹೆಂಡತಿ ಇಳಿದಳು. ಅವಳು ಹೊಸ್ತಿಲಲ್ಲಿ ನಿಂತು, ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು, ಒಳಗೆ ಕಾಲಿಟ್ಟಳು. ಅತ್ತೆ ಮನೆಯೆಲ್ಲ ಸುತ್ತಿದಳು. ಮೂಲೆ ನೋಡಿದಳು. ಕಿಟಕಿಯಿಂದ ಬಿಸಿಲು ಬಂದು ಗಾರೆಯ ಮೇಲೆ ಬಿದ್ದಿತ್ತು. ಅವಳು ಅಲ್ಲೇ ಕುಳಿತಳು. ಚಾಪೆ ಕೇಳಲಿಲ್ಲ. ಬರಿಯ ನೆಲದ ಮೇಲೆ ಮೊಮ್ಮಗಳನ್ನು ಮಲಗಿಸಿ ಕೈ ತೆಗೆದಳು.

ಮಗು ಒಂದು ಸಲ ಉಸಿರು ಕಟ್ಟಿ, ಮಗ್ಗುಲಾಗಿ, ದೊಪ್ಪನೆ ಬೋರಲು ಬಿತ್ತು. ತಲೆ ಎತ್ತಿ ಮಗ್ಗವನ್ನು ನೋಡಿತು.

ನೇಕಾರ ಇಕ್ಕಳ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ. ತಾನು ಅದನ್ನು ಹಿಡಿದಿರುವುದು ಅವನಿಗೇ ಗೊತ್ತಿರಲಿಲ್ಲ.

“ಇನ್ನಾದರೂ ಅದನ್ನು ಕೆಳಗಿಡಿ ಅಳಿಯಂದಿರೇ” ಎಂದಳು ಅತ್ತೆ. “ಮಗುವನ್ನು ಎತ್ತಿಕೊಳ್ಳಲು ಎರಡು ಕೈ ಬೇಕು.”

ಗುರುಗಳು ಕತೆ ನಿಲ್ಲಿಸಿದರು. ಅವರೆಕಾಯಿಯೂ ಮುಗಿದಿತ್ತು. ಸಿಪ್ಪೆಯನ್ನು ದನಕ್ಕೆಂದು ಒಂದು ಕಡೆ ಗುಡ್ಡೆ ಮಾಡಿ, ಮೊರ ಎತ್ತಿಕೊಂಡು ಎದ್ದರು.

ಶಂಭುಲಿಂಗನ ಮುಖ ಸಡಿಲವಾಗಿತ್ತು. ಮಗು ಮನೆ ಸೇರಿತಲ್ಲ ಎಂಬ ಹಗುರ ಅವನಲ್ಲೂ ಇತ್ತು. ಗಂಟು ಕಾಲಿನ ಬಳಿಯೇ ಬಿದ್ದಿತ್ತು. “ಹಾಗಾದರೆ ನಾನು ಊರಿಗೆ ಹೋಗುವುದು ಬೇಡವೇ ಗುರುಗಳೇ?” ಎಂದ.

ಗುರುಗಳು ಪಡಸಾಲೆಯ ಕಂಬದ ಕಡೆಗೆ ನೋಡಿದರು.

“ಇವತ್ತು ಸಂಜೆ ಆ ಕಂಬಕ್ಕೆ ಒರಗಿ ಕುಳಿತು, ಅದರ ಬುಡಕ್ಕೆ ಏನು ಸುರಿಯಲಿದ್ದೀ?”

ಶಂಭುಲಿಂಗ ಗಂಟನ್ನು ಅಲ್ಲೇ ಬಿಟ್ಟು, ಸಿಪ್ಪೆಯನ್ನು ಬಾಚಿಕೊಂಡು ದನದ ಕಡೆಗೆ ನಡೆದ.