ಫ್ರೇಮಿಗೊಂದು ಹಾರ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ಗುಡಿಸುತ್ತಿದ್ದ ಜವರಮ್ಮ. ಪಾಠ ಮಾಡುವ ನಮಗಿಂತ ಚೆನ್ನಾಗಿ ಹೇಳಿದರು.

ಚಿಕ್ಕತಾಯಮ್ಮ ಅಂತ ಒಬ್ಬಳು ಚಿತ್ರ ಬರೆಯೋಳು. ಅವಳ ಪೆದ್ದ ಮಗ ಪುಟ್ಮಾದ ಅದನ್ನು ಕಂಪ್ಯೂಟರಿನಲ್ಲಿ ಕುಣಿಸೋನು. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು, ಅಂದರೆ ಇಪ್ಪತ್ತನಾಲ್ಕು ಬಿಡಿ ಚಿತ್ರ; ಯಾವ ಫ್ರೇಮಿಗೆ ಏನು ಎಷ್ಟು ಬದಲಾಗಬೇಕು ಅಂತ ಇವನು ಬರೆದುಕೊಟ್ಟರೆ ಕಂಪ್ಯೂಟರು ಹಾಗೇ ಮಾಡೋದು. ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ. ಇವನಿಗೂ ಇಲ್ಲ. ಜೋಡಿ ಚೆನ್ನಾಗಿತ್ತು.

ಹಾಸಿಗೆ ಅಂಗಡಿ ಸಣ್ಣೇಗೌಡರು ಒಂದು ಜಾಹೀರಾತು ಕೇಳಿದರು. ಅಜ್ಜಿ ನಡೆದು ಬಂದು ಮಲಗಿ ಸುಖವಾಗಿ ನಿದ್ದೆ ಹೋಗಬೇಕು. "ಶುಕ್ರವಾರ ನೋಡ್ತೀನಿ. ಹಿಡಿಸಿದರೆ ವರ್ಷದ ಕೆಲಸವೆಲ್ಲ ನಿಮಗೇ." ತಾಯಿಗೆ ಬೇರೆ ಗಿರಾಕಿಯೇ ಇರಲಿಲ್ಲ.

"ಮೊದಲು ದಿಂಬು ಉಬ್ಬಲಿ ಕಣಪ್ಪ. ಫ್ರೇಮಿಗೊಂದು ಬೆರಳು ದಪ್ಪ ಮಾಡು," ಅಂದಳು. ಮಾಡಿದ. ದಿಂಬು ಉಬ್ಬಿತು, ಉಬ್ಬಿತು, ಮಂಚ ನುಂಗಿತು, ಗೋಡೆ ನುಂಗಿತು.

"ಪೆದ್ದುಮುಂಡೇದೆ, ಸಾಕಾದಲ್ಲಿ ನಿಲ್ಲಿಸಬೇಕು ಕಣೋ."

"ಆಗಲಿ ಕಣವ್ವ."

ಮಾರನೆ ದಿನ ಅಜ್ಜಿಯ ನಡಿಗೆ. ಕಾಲು ಎತ್ತಿಸಿದ. ಸಾಕಾದಲ್ಲಿ ನಿಲ್ಲಿಸಿದ. ಅಜ್ಜಿ ಕೊಕ್ಕರೆ ಹಾಗೆ ಒಂಟಿಕಾಲಲ್ಲಿ ನಿಂತು ಮಂಚದ ತನಕ ಜಾರಿಕೊಂಡು ಬಂದಳು.

"ಎತ್ತಿದ್ದನ್ನ ಇಳಿಸಬೇಕು, ಇಳಿಸಿದ್ದನ್ನ ಎತ್ತಬೇಕು, ಹಂಗೇ ಮಾಡ್ತಾ ಇರಬೇಕು ಕಣೋ."

"ಆಗಲಿ ಕಣವ್ವ."

ಅದರ ಮಾರನೆ ದಿನ ಮಲಗೋದು. ಅಜ್ಜಿ ಮಲಗಿದಳು, ಎದ್ದಳು, ಮಲಗಿದಳು, ಎದ್ದಳು. ಗರಡಿ ಮನೆಯಲ್ಲೂ ಅಷ್ಟು ಸಾಮು ತೆಗೆಯೋರಿಲ್ಲ.

"ಒಂದ್ಸಲ ಇಳಿದದ್ದು ಇಳಿದೇ ಇರಬೇಕು. ಮತ್ತೆ ಏಳಕೂಡದು. ತಿಳೀತಾ?"

"ತಿಳೀತು. ಆದರೆ ಅವ್ವ, ಯಾವುದು ನಿಲ್ಲೋದು, ಯಾವುದು ನಿಲ್ಲದೆ ಇರೋದು ಅಂತ ನಿನಗೆ ಹೆಂಗೆ ಗೊತ್ತಾಯ್ತದೆ?"

ತಾಯಿ ಮತ್ತೆ ಚಿತ್ರ ಬರೆಯೋಕೆ ಕೂತಳು. "ಹೋಗಿ ಅಜ್ಜಿಗೆ ಉಸಿರಾಡಿಸು ಹೋಗು," ಅಂದಳು.

ಶುಕ್ರವಾರ ಗೌಡರು ಬಂದು ಕೂತರು. ದಿಂಬು ಹದವಾಗಿ ಉಬ್ಬಿತು. ಅಜ್ಜಿ ಎರಡೂ ಕಾಲಲ್ಲಿ ನಡೆದಳು, ಒಂದೇ ಸಲ ಮಲಗಿದಳು. ಗೌಡರ ಮುಖ ಅರಳಿತು. ಅಜ್ಜಿಯ ಎದೆ ಮೆಲ್ಲಗೆ ಏರಿತು. ಮೆಲ್ಲಗೆ ಇಳಿಯಿತು. ಮತ್ತೆ ಏಳಲಿಲ್ಲ.

ಗೌಡರು ಕಾದರು. ಆಮೇಲೆ, "ಏನಮ್ಮಾ, ನಮ್ಮ ಹಾಸಿಗೆ ಮೇಲೆ ಮುದುಕಿ ಹೋಗೇಬಿಟ್ಟಳಲ್ಲ?"

ತಾಯಿ ಹಣೆ ಚಚ್ಚಿಕೊಂಡು ಮಗನಿಗೆ ಅಂದಳು, "ಇನ್ನೇನು ಬಾಕಿ? ಹಾರನೂ ಹಾಕಿಬಿಡು."

"ಆಗಲಿ ಕಣವ್ವ."

ಅಲ್ಲೇ ಕೂತು ಬರೆದ: ಫ್ರೇಮಿಗೊಂದು ಹಾರ. ಅಜ್ಜಿ ಮುಚ್ಚಿಹೋದಳು, ಹಾಸಿಗೆ ಮುಚ್ಚಿಹೋಯಿತು, ಅಂಗಡಿ ಹೆಸರೂ ಮುಚ್ಚಿಹೋಯಿತು. ಗೌಡರು ಎದ್ದು ಹೋದರು. ಹಾರ ಬೀಳುತ್ತಲೇ ಇತ್ತು. ಸಾಕು ಅಂತ ಅವನಿಗೆ ಆ ದಿನ ಯಾರೂ ಹೇಳಲಿಲ್ಲ.

ನೀವೂ ಇದನ್ನು ಯಾರಿಗಾದರೂ ಹೇಳಿ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಮರೆಯದೆ ಹೇಳಿ.