ದರ್ಜಿಗೆ ಹೇಳಿದ ಎರಡು ವರ್ಷ

“ಸರ್, ಇಸಿಜಿ ನೋಡಿದರೆ ರೋಗಿ ಇನ್ನೆಷ್ಟು ಕಾಲ ಇರುತ್ತಾನೆಂಬ ಅಂದಾಜು ಸಿಗುತ್ತದೆ. ನಾನು ಅದನ್ನು ಅವನಿಗೆ ಹೇಳಿಯೇ ಕಳಿಸುತ್ತೇನೆ. ಅದೇ ಸರಿಯಲ್ಲವೇ?” ಎಂದು ಹೊಸ ಡಾಕ್ಟರ್ ಮಂದಾಕಿನಿ ತನ್ನ ಗುರುಗಳನ್ನು ಕೇಳಿದಳು. ಗುರು ಶಂಭುಲಿಂಗಯ್ಯನವರು ನಲವತ್ತು ವರ್ಷ ಹೃದ್ರೋಗಿಗಳನ್ನು ನೋಡಿದವರು. ಅವರು ಹೌದು, ಅಲ್ಲ ಎನ್ನದೆ ಈ ಕತೆ ಹೇಳಿದರು.

ಒಬ್ಬ ಡಾಕ್ಟರ್ ಇದ್ದ. ಇಸಿಜಿ ಓದುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ. ಹೃದಯಾಘಾತವಾಗಿ ಉಳಿದುಕೊಂಡ ಎಂಟುನೂರು ಜನರ ಇಸಿಜಿಗಳನ್ನು ಕೂಡಿಟ್ಟು, ಯಾರು ಎಷ್ಟು ಕಾಲ ಬದುಕಿದರೆಂದು ವರ್ಷಗಟ್ಟಲೆ ಗುರುತು ಹಾಕಿಕೊಂಡಿದ್ದ. ಚೂಪಾಗಿರಬೇಕಾದ ಗೆರೆ ಒಂದು ಬಗೆಯಲ್ಲಿ ಅಗಲವಾಗಿದ್ದರೆ, ಅಂಥ ನೂರು ಜನರಲ್ಲಿ ಎಂಬತ್ತು ಜನ ಎರಡು ವರ್ಷದೊಳಗೆ ತೀರಿಕೊಂಡಿದ್ದರು.

ಒಂದು ದಿನ, ಹೃದಯಾಘಾತವಾಗಿ ಉಳಿದುಕೊಂಡ ಒಬ್ಬ ದರ್ಜಿ ಬಂದ. ಅವನ ಇಸಿಜಿಯಲ್ಲಿ ಅದೇ ಅಗಲವಾದ ಗೆರೆ ಇತ್ತು.

“ಮುಚ್ಚುಮರೆ ಬೇಡ ಸ್ವಾಮಿ, ಇದ್ದದ್ದನ್ನು ಹೇಳಿಬಿಡಿ” ಎಂದ ದರ್ಜಿ.

ಡಾಕ್ಟರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಎರಡು ವರ್ಷ. ಮಾಡಬೇಕಾದ್ದನ್ನೆಲ್ಲ ಅಷ್ಟರೊಳಗೆ ಮಾಡಿ ಮುಗಿಸಿ” ಎಂದ. ಉಳಿದ ಇಪ್ಪತ್ತು ಜನರ ವಿಷಯ ಹೇಳಲಿಲ್ಲ. ಹೊರಗೆ ಸಾಲು ಉದ್ದವಿತ್ತು. ದರ್ಜಿ ಮಾತ್ರೆಯ ಚೀಟಿ ಹಿಡಿದು, ಕೈಮುಗಿದು ಹೋದ.

ಅವನು ಮತ್ತೆ ಬರಲಿಲ್ಲ. ಡಾಕ್ಟರನ ಅಧ್ಯಯನ ಮುಗಿದಿತ್ತು. ಹೊಸಬರು ಏನಾದರೆಂದು ವಿಚಾರಿಸುವ ಅಗತ್ಯ ಅವನಿಗೆ ಕಾಣಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಮ್ಮೆ ಆ ದರ್ಜಿಯ ನೆನಪಾಗಿ, ತೀರಿಕೊಂಡಿರಬೇಕು ಅಂದುಕೊಂಡ.

ಒಂಬತ್ತು ವರ್ಷದ ಮೇಲೆ ದರ್ಜಿ ಕಾಲು ಊದಿಸಿಕೊಂಡು ಬಂದ. ಡಾಕ್ಟರ್ ಹಳೆಯ ಇಸಿಜಿ ಹುಡುಕಿಸಿ ಹೊಸದರ ಪಕ್ಕದಲ್ಲಿಟ್ಟ. ಗೆರೆ ಹಾಗೆಯೇ ಇತ್ತು. ಅವನಿಗೆ ನಿಜಕ್ಕೂ ಸಂತೋಷವಾಯಿತು. “ಒಂಬತ್ತು ವರ್ಷ! ಗೆದ್ದುಬಿಟ್ಟಿರಲ್ಲ!” ಎಂದ.

ದರ್ಜಿ ನಗಲಿಲ್ಲ.

“ಇಲ್ಲಿಂದ ಹೋದ ವಾರದಲ್ಲೇ ಹೊಲಿಗೆ ಮಿಷನ್ ಯಾರಿಗೋ ಕೊಟ್ಟುಬಿಟ್ಟೆ ಸ್ವಾಮಿ. ಆ ತಿಂಗಳೇ ಮೊಮ್ಮಗಳು ಹುಟ್ಟಿದಳು. ಸಾಯುವವನನ್ನು ಮಗು ಹಚ್ಚಿಕೊಂಡುಬಿಟ್ಟರೆ ಆಮೇಲೆ ಅದಕ್ಕೇ ಸಂಕಟ ಅಂತ ಎತ್ತಿಕೊಳ್ಳಲಿಲ್ಲ. ಅಂಬೆಗಾಲಿಟ್ಟು ಹತ್ತಿರ ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ಎರಡು ವರ್ಷ ಕಳೆಯಿತು. ಇನ್ನೇನು ಈ ತಿಂಗಳು ಅಂದುಕೊಂಡೆ. ಆಮೇಲೆ ಪ್ರತಿ ತಿಂಗಳೂ ಹಾಗೇ ಅಂದುಕೊಂಡೆ. ಊರ ಮಕ್ಕಳಿಗೆಲ್ಲ ಲಂಗ ಹೊಲಿದವನು ನಾನು. ಅವಳಿಗೆ ಒಂದೂ ಹೊಲಿದುಕೊಡಲಿಲ್ಲ. ಈಗ ನಾನೇ ಕರೆದರೂ ಬಾಗಿಲಲ್ಲಿ ನಿಂತು ‘ಏನು?’ ಅಂತಾಳೆ, ಒಳಗೆ ಬರಲ್ಲ.”

ಡಾಕ್ಟರ್ ತಲೆ ತಗ್ಗಿಸಿ, ಅಂಥ ನೂರು ಜನರಲ್ಲಿ ಇಪ್ಪತ್ತು ಜನ ಉಳಿದಿದ್ದರೆಂಬುದನ್ನು ಆಗ ಹೇಳಿದ. ದರ್ಜಿಗೆ ಸಿಟ್ಟು ಬರಲಿಲ್ಲ. “ಅದನ್ನೂ ಆವತ್ತೇ ಹೇಳಿದ್ದರೆ ಆಗುತ್ತಿತ್ತು” ಎಂದ.

ಮಳೆಗಾಲ ಮುಗಿಯುವುದರೊಳಗೆ ಅವನು ತೀರಿಕೊಂಡ. ಸುದ್ದಿ ತಿಳಿದು ಡಾಕ್ಟರ್ ಮೊದಲ ಸಲ ಅವನ ಮನೆಗೆ ಹೋದ. ಜಗಲಿಯ ಮೇಲೆ ಹುಡುಗಿ ಶಾಲೆಯ ಪಾಠ ಬರೆಯುತ್ತಿದ್ದಳು.

“ಅಜ್ಜನ ನೆನಪಾಗುತ್ತದೇನಮ್ಮ?” ಎಂದು ಕೇಳಿದ.

ಹುಡುಗಿ ಯೋಚಿಸಿದಳು. “ಅಜ್ಜ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ” ಎಂದಳು. ಮತ್ತೆ ಬರೆಯತೊಡಗಿದಳು. ಅಜ್ಜ ಏಕೆ ದೂರವಿದ್ದನೆಂದು ಅವಳಿಗೆ ಹೇಳಬೇಕೆಂದು ಡಾಕ್ಟರ್ ಬಹಳ ಹೊತ್ತು ನಿಂತಿದ್ದ. ಒಂಬತ್ತು ವರ್ಷದ ಹುಡುಗಿಗೆ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಹಿಂತಿರುಗಿದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಹೇಳಲೇಬಾರದೇ ಸರ್?” ಎಂದಳು ಮಂದಾಕಿನಿ.

“ಹೇಳಬೇಕು. ಆದರೆ ನೀನು ಹೀಗೆ ಹೇಳಿ ಕಳಿಸಿದವರು ಆಮೇಲೆ ಹೇಗಿದ್ದಾರೆಂದು ಎಷ್ಟು ಜನರ ಮನೆಗೆ ಹೋಗಿ ನೋಡಿದ್ದೀಯ?” ಎಂದರು ಗುರುಗಳು.

ಮಂದಾಕಿನಿ ತನ್ನ ರೋಗಿಗಳ ಹಳೆಯ ಚೀಟಿಗಳನ್ನು ತೆಗೆದು ವಿಳಾಸ ಹುಡುಕತೊಡಗಿದಳು.